ನೀಲಿ ಗುರುತಿನ ಜಾಗ

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನದ ಟೀಚರ್. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಹದಿನೇಳು ವರ್ಷದಿಂದ ಹೃದಯದ ನಾಲ್ಕು ಕೋಣೆಗಳನ್ನು ಬೋರ್ಡಿನ ಮೇಲೆ ಬರೆದು ಬಣ್ಣದ ಸೀಮೆಸುಣ್ಣ ತುಂಬುತ್ತಿದ್ದೇನೆ. ಮಕ್ಕಳು ತೋಳಿಗೆ ತಾಯತ ಕಟ್ಟಿಕೊಂಡು ಬಂದರೆ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ಇದರೊಳಗೆ ಏನಿದೆ ಹೇಳು ಎಂದು ಕೇಳುವ ಕೆಟ್ಟ ಚಾಳಿಯೂ ನನಗಿದೆ. ಹಾಗಿರುವಾಗ ನನ್ನ ಮನೆಯ ನಡುಮನೆಯಲ್ಲಿ, ಹಾಡಹಗಲು, ನನ್ನ ಕಣ್ಣೆದುರಿಗೇ ಇದು ನಡೆಯಿತು. ನೋಡುತ್ತಾ ನಿಂತಿದ್ದೆ ಎಂದರೂ ಪೂರ್ತಿ ನಿಜವಾಗುವುದಿಲ್ಲ.

ನಮ್ಮ ಯಜಮಾನರು ಬಸ್ ಡ್ರೈವರ್. ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸು. ಆ ವರ್ಷ ಊರಿಗೆಲ್ಲ ಬಂದ ಜ್ವರ ಅವರಿಗೂ ಬಂತು, ಐದು ದಿನಕ್ಕೆ ಬಿಟ್ಟಿತು. ಬಿಟ್ಟಿತು ಅಂದುಕೊಂಡೆವು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ದಾರಿಯಲ್ಲೇ ಬಸ್ಸನ್ನು ಪಕ್ಕಕ್ಕೆ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟುಬಿಟ್ಟರಂತೆ. ಉಸಿರು ಸಿಗುತ್ತಿರಲಿಲ್ಲ. ಕಂಡಕ್ಟರು ಫೋನ್ ಮಾಡಿದಾಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಸೀಮೆಸುಣ್ಣ ಕೈಯಲ್ಲೇ ಹಿಡಿದುಕೊಂಡು ಹಾಸನದವರೆಗೂ ಹೋಗಿದ್ದೆನಂತೆ, ಆಸ್ಪತ್ರೆಯಲ್ಲಿ ನರ್ಸ್ ಅದನ್ನು ಬಿಡಿಸಿಕೊಂಡಳು.

ಎಕೋ ಮಾಡಿದರು. ಹೃದಯದ ಸ್ನಾಯುವೇ ಊದಿಕೊಂಡಿದೆ ಎಂದರು. ಜ್ವರ ತಂದ ವೈರಸ್ಸು ಹೋಗಿದೆ, ಅದರ ಮೇಲೆ ಯುದ್ಧಕ್ಕೆ ಹೊರಟ ಮೈಯ ಕಾವಲುಪಡೆ ಮಾತ್ರ ಹಿಂದಕ್ಕೆ ಹೋಗದೆ ಸ್ವಂತ ಹೃದಯದ ಮೇಲೆ ಬಿದ್ದಿದೆ. ಪಂಪು ಮಾಡಬೇಕಾದಷ್ಟರಲ್ಲಿ ಅರ್ಧವನ್ನೂ ಅದು ಮಾಡುತ್ತಿರಲಿಲ್ಲ. ಡಾಕ್ಟರಮ್ಮ ನನಗಿಂತ ಚಿಕ್ಕವರು, ತಾಳ್ಮೆಯ ಹೆಂಗಸು. "ಮಾತ್ರೆ ಕೊಡ್ತೀವಿ, ಪೂರ್ತಿ ರೆಸ್ಟ್ ಬೇಕು. ಕೆಲವರಿಗೆ ತಾನಾಗೇ ಸರಿಹೋಗುತ್ತೆ" ಎಂದರು. ಉಳಿದವರಿಗೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ.

ಅವರೇ ಇನ್ನೊಂದು ವಿಷಯ ಹೇಳಿದರು. ಆ ಆಸ್ಪತ್ರೆಯಲ್ಲಿ ಒಂದು ಹೊಸ ಚಿಕಿತ್ಸೆಯನ್ನು ಪರೀಕ್ಷೆ ಮಾಡಿ ನೋಡುತ್ತಿದ್ದರು. ಗರ್ಭಿಣಿಯರಿಗೆ ಸ್ಕ್ಯಾನ್ ಮಾಡುತ್ತಾರಲ್ಲ, ಅದೇ ಅಲ್ಟ್ರಾಸೌಂಡು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಅದನ್ನು ಎದೆಯ ಮೇಲೂ ಇಡುವುದಿಲ್ಲ. ಎಡಪಕ್ಕೆಯ ಕೆಳಗೆ, ಗುಲ್ಮ ಎಂಬ ಅಂಗ ಇರುವ ಕಡೆ ಇಡುತ್ತಾರೆ. ಆ ಪಡೆಯ ದೊಡ್ಡ ಠಾಣೆ ಇರುವುದು ಗುಲ್ಮದಲ್ಲಿ, ದಿನಾ ಕೆಲವು ನಿಮಿಷ ಶಬ್ದದ ಅಲೆ ಕಳಿಸಿದರೆ ಅಲ್ಲಿಂದಲೇ ಅದು ತಣ್ಣಗಾಗಬಹುದು ಎಂಬ ಲೆಕ್ಕಾಚಾರ. "ಆಗಬಹುದು ಅಂತಷ್ಟೇ ಹೇಳ್ತಿದೀನಿ. ಆಗುತ್ತೆ ಅಂತ ಹೇಳ್ತಿಲ್ಲ" ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ಯಜಮಾನರು ಮಲಗಿದ್ದಲ್ಲೇ ನಕ್ಕರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕಿದಂಗಾಯ್ತು ಬುಡಿ ಮೇಡಂ" ಎಂದರು. ಡಾಕ್ಟರಮ್ಮನೂ ನಕ್ಕರು. ನಾನು ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ, ಅವರು ಸಹಿ ಹಾಕಿದರು, ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ.

ಮೊದಲ ದಿನ ಸ್ಕ್ಯಾನ್ ಮಾಡಿ ಗುಲ್ಮ ಇರುವ ಜಾಗ ಹುಡುಕಿ, ಚರ್ಮದ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಕೂಡಿಸುವ ಗುರುತು ಹಾಕಿದರು. ದಿನವೂ ಯಂತ್ರ ಅಲ್ಲೇ ಕೂರಬೇಕು, ಉಜ್ಜಿ ತೊಳೆಯಬೇಡಿ, ಎಣ್ಣೆ ಮುಲಾಮು ಏನೂ ಹಚ್ಚಬೇಡಿ ಎಂದರು. ಒಟ್ಟು ಎರಡು ವಾರ. ಮೊದಲ ಕೆಲವು ದಿನ ಆಸ್ಪತ್ರೆಯಲ್ಲೇ ಆಯಿತು. ಆಮೇಲೆ ಮನೆಗೆ ಕಳಿಸಿ, ದಿನಾ ಕಾರಿನಲ್ಲಿ ಕರೆದುಕೊಂಡು ಬನ್ನಿ, ಭಾನುವಾರ ಬೇಡ ಎಂದರು.

ತಂಪು ಜೆಲ್ ಹಚ್ಚುತ್ತಾರೆ, ಯಂತ್ರ ಇಡುತ್ತಾರೆ, ತೆಗೆಯುತ್ತಾರೆ. ನೋವಿಲ್ಲ, ಉರಿಯಿಲ್ಲ, ಸದ್ದು ಕೂಡ ನಮ್ಮ ಕಿವಿಗೆ ಕೇಳುವುದಲ್ಲ. ಮನುಷ್ಯರ ಕಿವಿಗೆ ಕೇಳದ ಶಬ್ದವೂ ಉಂಟು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ. ಆದರೂ ಪಕ್ಕದ ಬೆಂಚಿನ ಮೇಲೆ ಕೂತು ನೋಡುತ್ತಿದ್ದರೆ, ಇಲ್ಲಿ ಏನೂ ನಡೆಯುತ್ತಲೇ ಇಲ್ಲ ಎನ್ನಿಸುತ್ತಿತ್ತು. ಆರನೇ ದಿನ ಮತ್ತೆ ಎಕೋ ಮಾಡಿದರು. ಹೃದಯ ಹಿಂದೆ ಹೇಗಿತ್ತೋ ಹಾಗೇ ಇತ್ತು. ಇಷ್ಟು ಬೇಗ ನೋಡಬಾರದು ಎಂದರು ಡಾಕ್ಟರಮ್ಮ. ಮನೆಗೆ ಬರುತ್ತಾ ಕಾರಿನಲ್ಲಿ ಯಜಮಾನರ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ನಡುವೆ ಒಂದು ಸಲ ನಿಂತ ಹಾಗಾಗಿ, ನಾನು ಅವರ ಮೂಗಿನ ಹತ್ತಿರ ಬೆರಳು ಹಿಡಿದೆ. ನಿದ್ದೆ ಮಾಡುತ್ತಿದ್ದರು.

ನಮ್ಮತ್ತೆ ಅರಕಲಗೂಡಿನ ಕಡೆಯ ಹಳ್ಳಿಯಿಂದ ಮಗನನ್ನು ನೋಡಿಕೊಳ್ಳಲು ಬಂದಿದ್ದರು. ಅಂದು ಸಂಜೆ ಮಗನ ಅಂಗಿ ಬದಲಾಯಿಸುವಾಗ ಆ ನೀಲಿ ಗುರುತನ್ನು ಕಂಡು ಅಲ್ಲೇ ನಿಂತುಬಿಟ್ಟರು.

"ಇಲ್ಲೇನಾ ಮಿಸನ್ನು ಇಡಾದು?"

"ಹೂಂ ಅತ್ತೆ, ಅಲ್ಲೇ."

"ಅಂಗಾರೆ ಇದು ಜ್ವರಗಡ್ಡೆ ಕಣವ್ವ. ಎದೆದು ಅಂತ ಸುಮ್ಕೆ ಎದ್ರುಸ್ತಾವ್ರೆ."

ಜ್ವರದ ಮೇಲೆ ಗುಲ್ಮ ದಪ್ಪವಾದರೆ ನಮ್ಮ ಕಡೆ ಜ್ವರಗಡ್ಡೆ ಎನ್ನುತ್ತಾರೆ. ಅದಕ್ಕೆ ಮದ್ದು ಎಂದರೆ ಕಾಯಿಸಿದ ಕಬ್ಬಿಣದಲ್ಲಿ ಎಡಪಕ್ಕೆಗೆ ಬರೆ. ಅತ್ತೆ ಸೆರಗು ಸರಿಸಿ ತಮ್ಮ ಹೊಟ್ಟೆಯ ಪಕ್ಕ ತೋರಿಸಿದರು. ಮೂರು ಬಿಳಿ ಗೆರೆ, ಸರಿಯಾಗಿ ಅದೇ ಜಾಗ. ಏಳು ವರ್ಷದ ಹುಡುಗಿಯಾಗಿದ್ದಾಗ ಹಾಕಿಸಿದ್ದಂತೆ.

"ನಮ್ಮಣ್ಣಂಗೂ ಇದೇ ಬಂದಿತ್ತು. ಅವನು ಅಳ್ತಾನೆ ಅಂತ ನಮ್ಮವ್ವ ಬ್ಯಾಡ ಅಂದ್ಬುಡ್ತು. ಓಗ್ಬುಟ್ಟ" ಎಂದರು.

ಅದು ಬೇರೆ, ಇದು ಬೇರೆ, ಡಾಕ್ಟರು ಮುಟ್ಟುವುದಕ್ಕೂ ಸುಡುವುದಕ್ಕೂ ಸಂಬಂಧವಿಲ್ಲ ಎಂದು ನಾನು ಪಾಠ ಮಾಡಿದೆ. ಪಾಠ ಮಾಡುತ್ತಿರುವಾಗಲೇ ನನ್ನೊಳಗೆ ಒಂದು ಹಾಳು ಯೋಚನೆ ಬಂತು. ಅದೇ ಜಾಗ ಅಲ್ಲವೆ? ಓದಿಲ್ಲದ ಜನಕ್ಕೆ ಆ ಜಾಗ ಹೇಗೆ ಗೊತ್ತಿತ್ತು? ಒಂದು ವೇಳೆ ಅತ್ತೆ ಹೇಳುವುದೇ ನಿಜವಾಗಿದ್ದು, ನಾನು ಬೇಡ ಎಂದದ್ದರಿಂದಲೇ ಇವರು ಹೋದರೆ? ಭಯಕ್ಕೆ ಪದವಿ ಗಿದವಿ ಲೆಕ್ಕವಿಲ್ಲ. ಅದು ಬಂದು ಕೂತ ಮೇಲೆ ನಾನು ಓದಿದ್ದೆಲ್ಲ ಹೊರಗೆ ಚಪ್ಪಲಿಯ ಹತ್ತಿರ ನಿಂತಿತ್ತು.

ಭಾನುವಾರ ಬೆಳಿಗ್ಗೆ ನುಗ್ಗೇಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಒಬ್ಬ ಮುದುಕಿ ಬಂದಳು. ಅತ್ತೆ ಹೇಳಿ ಕಳಿಸಿದ್ದರು. ಕೈಚೀಲದಲ್ಲಿ ಒಂದು ಕುಡುಗೋಲು, ಬೇರೇನೂ ಇಲ್ಲ. ಕಾಫಿ ಕುಡಿದು, ಯಜಮಾನರ ಪಕ್ಕೆ ನೋಡಿ, ಖುಷಿಯಾದಳು. "ಜಾಗಾನ ಡಾಕ್ಟ್ರೇ ಗುರ್ತು ಮಾಡ್ಕೊಟ್ಟವ್ರಲ್ಲ, ನಂಗೆ ತಡಕಾಡೋ ಕೆಲ್ಸನೇ ಇಲ್ಲ" ಎಂದಳು.

ಯಜಮಾನರು ನನ್ನ ಮುಖ ನೋಡಿದರು. "ನೀ ಯೋಳ್ದಂಗೆ ಕಣೆ" ಎಂದರು. ಬೇಡ ಎಂಬ ಒಂದು ಮಾತು ಸಾಕಿತ್ತು. ನಾನು "ಆಗಲಿ" ಎಂದೆ.

ಕುಡುಗೋಲಿನ ತುದಿ ಗ್ಯಾಸಿನ ಒಲೆಯ ಮೇಲೆ ಕೆಂಪಗಾಯಿತು. ಅವರು ಟವೆಲ್ ಕಚ್ಚಿಕೊಂಡರು. ಕೈಗಳನ್ನು ಹಿಡಿದವಳು ನಾನು. ಮೂರು ಸಲ. ಆ ವಾಸನೆಯನ್ನು ಇಲ್ಲಿ ಬರೆಯಲಾರೆ. ಗುರುತಿನ ನೀಲಿ ಸುಟ್ಟು ಎಲ್ಲಿ ಹೋಯಿತೋ ಕಾಣಲಿಲ್ಲ.

ಸೋಮವಾರ ಡಾಕ್ಟರಮ್ಮ ಯಜಮಾನರ ಅಂಗಿ ಎತ್ತಿ ನೋಡಿದರು. ನಾನು ಮೊದಲೇ ಯೋಚಿಸಿಟ್ಟುಕೊಂಡಿದ್ದ ಮಾತು ಹೇಳಿದೆ, ಬಿಸಿನೀರು ಚೆಲ್ಲಿತು ಎಂದೆ. ಶಾಲೆಯಲ್ಲಿ ಇಂಥ ಸುಳ್ಳು ಹೇಳಿದ ಮಕ್ಕಳನ್ನು ನಾನು ಒಂದು ನಿಮಿಷದಲ್ಲಿ ಹಿಡಿಯುತ್ತೇನೆ. ಅವರಿಗೆ ಅಷ್ಟೂ ಬೇಕಾಗಲಿಲ್ಲ.

"ಬಿಸಿನೀರು ಮೂರು ಗೆರೆಯಾಗಿ ಬೀಳಲ್ಲ ಮೇಡಂ" ಎಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಈ ಗಾಯದ ಮೇಲೆ ಯಂತ್ರ ಇಡೋಕಾಗಲ್ಲ. ವಾಸಿಯಾಗೋ ಹೊತ್ತಿಗೆ ನಮ್ಮ ಎರಡು ವಾರ ಮುಗಿದಿರುತ್ತೆ. ಇವರನ್ನ ಈ ಪರೀಕ್ಷೆಯಿಂದ ಕೈಬಿಡಬೇಕಾಗುತ್ತೆ."

"ಅದು ಮುಂದುವರಿದಿದ್ರೆ ವಾಸಿಯಾಗ್ತಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೇ ಮಾಡ್ತಿದ್ದದ್ದು. ಇನ್ನು ಇವರ ವಿಷಯದಲ್ಲಿ ಯಾವತ್ತೂ ಗೊತ್ತಾಗಲ್ಲ."

ಬರೆ ಕೀವಾಯಿತು. ಜ್ವರ ತಿರುಗಿ ಬಂತು. ದಣಿದ ಹೃದಯಕ್ಕೆ ಈ ಜ್ವರವನ್ನೂ ಹೊರುವ ಶಕ್ತಿ ಇಲ್ಲ ಎಂದು ತೀವ್ರ ನಿಗಾ ಘಟಕಕ್ಕೆ ಹಾಕಿದರು. ನಾಲ್ಕು ದಿನ. ಗಾಜಿನಾಚೆ ಅವರು, ಈಚೆ ನಾನು ಮತ್ತು ಅತ್ತೆ. ಅತ್ತೆ, ಬರೆ ಸಾಲದಾಯಿತೇನೋ ಎಂದರು. ನಾನು ಜೀವನದಲ್ಲಿ ಮೊದಲ ಸಲ ಅವರಿಗೆ ಕೈ ಮುಗಿದು ಬಾಯಿ ಮುಚ್ಚಿಕೊಳ್ಳಿ ಎಂದೆ. ಇವರನ್ನು ಕೊಂದದ್ದು ನಾನೇ ಎಂದು ಆ ನಾಲ್ಕು ದಿನವೂ ಅಂದುಕೊಂಡಿದ್ದೆ. ಒಳಗೆ ಯಾವ ಯಂತ್ರ ಕೂಗಿದರೂ ಎದ್ದು ಗಾಜಿನ ಹತ್ತಿರ ಹೋಗುತ್ತಿದ್ದೆ.

ಅವರು ಬದುಕಿದರು. ಮಾತ್ರೆ, ವಿಶ್ರಾಂತಿ, ಆರು ತಿಂಗಳು. ಹೃದಯ ಮುಕ್ಕಾಲು ಪಾಲು ತಿರುಗಿ ಬಂತು, ಉಳಿದದ್ದು ಬರಲಿಲ್ಲ. ಈಗ ಬಸ್ಸು ಓಡಿಸುವುದಿಲ್ಲ, ಡಿಪೋದಲ್ಲಿ ಕೂತು ಮಾಡುವ ಕೆಲಸ. ನನ್ನನ್ನು ಒಂದು ದಿನವೂ ದೂರಲಿಲ್ಲ. ಆದರೆ ಅತ್ತೆ ಊರಿಗೆ ಹೋಗಿ, ಡಾಕ್ಟರು ಕೈಬಿಟ್ಟ ಮಗ ಬರೆಯಿಂದ ಉಳಿದ ಎಂದು ಬೀದಿಗೆಲ್ಲ ಸಾರಿದರು. ಕೈಬಿಟ್ಟರು ಎನ್ನುವುದು ನಿಜವೇ ತಾನೆ. ನಾನು ತಿದ್ದಲಿಲ್ಲ. ತಿದ್ದಬೇಕಾದರೆ ಕೈ ಹಿಡಿದವಳು ಯಾರೆಂದೂ ಹೇಳಬೇಕಿತ್ತು.

ಹೋದ ತಿಂಗಳು ಅತ್ತೆಯ ಊರಿನ ಹೆಂಗಸೊಬ್ಬಳು ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಹುಡುಗಿಗೆ ಜ್ವರ ಬಿಟ್ಟು ಹತ್ತು ದಿನ, ಈಗ ಎದೆನೋವು. ನಮ್ಮ ಎರಡು ಮೆಟ್ಟಿಲು ಹತ್ತಿ ಬಾಗಿಲು ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತಳು. ಆ ಉಸಿರು ನನಗೆ ಗೊತ್ತಿತ್ತು.

"ನಿಮ್ಮೋರ್ಗೆ ಎಲ್ಲಿಗೆ ಇಕ್ಕುದ್ರು ಅಂತ ವಸಿ ತೋರ್ಸಿ ಮೇಡಂ. ಅಲ್ಲಿಗೇ ಇಕ್ಕುಸ್ತೀವಿ" ಎಂದಳು ತಾಯಿ.

ಬರೆ ಬೇಡ, ಈಗಲೇ ಹಾಸನಕ್ಕೆ ಹೋಗಿ, ನಾನೂ ಬರುತ್ತೇನೆ ಎಂದೆ. ಅವಳು ನನ್ನನ್ನು ನೋಡಿದ ನೋಟ ಮರೆಯಲಾಗುವುದಿಲ್ಲ. "ನೀವು ಇಕ್ಕುಸ್ಕಂಡು ಉಳ್ಕಂಡ್ರಿ. ನಮ್ಗೆ ಮಾತ್ರ ಬ್ಯಾಡ ಅಂತೀರ" ಎಂದು ಮಗಳ ಕೈ ಹಿಡಿದು ಹೊರಟೇಬಿಟ್ಟಳು.

ಹಿಂದೆಯೇ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಅವರು ಆಗಲೇ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತಿದ್ದರು. ಅಲ್ಲಿಂದ ಬರೆ ಹಾಕುವ ಮುದುಕಿಯ ನುಗ್ಗೇಹಳ್ಳಿಗೆ ಬಸ್ಸಿದೆ, ಹಾಸನಕ್ಕೂ ಇದೆ. ನಾನೂ ಹತ್ತಿ ಹುಡುಗಿಯ ಪಕ್ಕ ಕೂತೆ. ಬಸ್ಸು ಹೊರಟ ಮೇಲೆ, ಯಾರಿಗೂ ಹೇಳದೆ ಇದ್ದದ್ದನ್ನೆಲ್ಲ ಆ ತಾಯಿಗೆ ಹೇಳಿದೆ. ಡಾಕ್ಟರು ಹಾಕಿದ ಗುರುತು, ನನ್ನ "ಆಗಲಿ", ಬಿಸಿನೀರಿನ ಸುಳ್ಳು, ಗಾಜಿನಾಚೆಯ ನಾಲ್ಕು ದಿನ, ಎಲ್ಲ ಹೇಳಿದೆ. ಕೈ ಹಿಡಿದವಳು ನಾನು ಎಂದೂ ಹೇಳಿದೆ.

"ಓದಿರೋರು ನೀವು. ಎಲ್ಲಾ ಗೊತ್ತಿದ್ದೂ ಯಾಕ್ ಇಕ್ಕುಸುದ್ರಿ?" ಎಂದಳು.

"ಭಯ ಆಗಿತ್ತು ಕಣವ್ವ" ಎಂದೆ.

ಅವಳು ಮಗಳ ಕಡೆ ತಿರುಗಿ, ಅವಳ ಎದೆ ಏರಿಳಿಯುವುದನ್ನು ನೋಡಿದಳು. "ನಂಗೂ ಅದೇ ಆಗಿರಾದು" ಎಂದಳು.