ಎರಡು ಸಲ ಗುಣಿಸಿದ ಅಂಕಿ

ಸುಮಯ್ಯಾ ಅಕ್ಕನ ನೋಟ್‌ಬುಕ್ ಯಾವಾಗಲೂ ತೆರೆದೇ ಇರುತ್ತಿತ್ತು. ಲ್ಯಾಬಿನಲ್ಲಿ ಮಿಕ್ಕವರೆಲ್ಲ ತಮ್ಮ ಫಲಿತಾಂಶಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರೆ, ಅವಳದು ಕಿಟಕಿಯ ಪಕ್ಕದ ಮೇಜಿನ ಮೇಲೆ, ಕೆಟ್ಟುಹೋದ ಪ್ರಯೋಗಗಳ ಸಮೇತ, ಹೋಗಿಬರುವವರಿಗೆಲ್ಲ ಕಾಣುವಂತೆ ಬಿದ್ದಿರುತ್ತಿತ್ತು. "ಮೇಡಂ ಕಾ ಢಾಬಾ, ಹಮೇಶಾ ಖುಲಾ" ಎಂದು ಎದುರು ಮೇಜಿನ ತ್ಯಾಗಿ, ಅದು ಬಾಗಿಲೇ ಮುಚ್ಚದ ಢಾಬಾ ಎಂಬಂತೆ, ಹಂಗಿಸುತ್ತಿದ್ದ. "ತೋ ಆಜಾ ಭಯ್ಯಾ, ಖಾಕೇ ಜಾ" ಎಂದು ಉಂಡು ಹೋಗಲು ಕರೆಯುತ್ತಿದ್ದಳು ಅಕ್ಕ, ತಲೆ ಎತ್ತದೆ.

ದಾವಣಗೆರೆಯವಳು. ಪಿಎಚ್‌ಡಿ ಮುಗಿಸಿ, ದೆಹಲಿಯ ನಮ್ಮ ಸಂಸ್ಥೆಯಲ್ಲಿ ಎರಡು ವರ್ಷದ ಕರಾರಿನ ಮೇಲಿದ್ದಳು. ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಘಾಜಿಯಾಬಾದಿನ ಕಡೆಯ ಕೆಲವು ಕಾಲೋನಿಗಳ ಬೋರ್‌ವೆಲ್ ನೀರಿನಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವುದು ನಮ್ಮಿಬ್ಬರ ಕೆಲಸ. ನೀರು ತುಂಬುವ ಮೊದಲೇ ಅವಳು ತನ್ನ ಊಹೆ ಏನೆಂದು ಬರೆದು, ಎಲ್ಲರೂ ನೋಡಬಹುದಾದ ಒಂದು ವೆಬ್ ಪುಟಕ್ಕೆ ಹಾಕುತ್ತಿದ್ದಳು. "ಮೊದಲು ಬರಿ, ಆಮೇಲೆ ಬಾಟಲಿ ಮುಟ್ಟು. ಫಲಿತಾಂಶ ನೋಡಿ ಬರೆದರೆ ಅದು ಊಹೆಯಲ್ಲ, ಜಾಣತನ." ಅಂಕಿಗಳನ್ನು ನಾನು ಅದೇ ಪುಟಕ್ಕೆ ಸೇರಿಸುತ್ತಿದ್ದೆ, ಅವಳು ಒಪ್ಪುತ್ತಿದ್ದಳು; ಪ್ರಬಂಧ ಅಚ್ಚಾದ ದಿನ ಅವನ್ನೆಲ್ಲ ಎಲ್ಲರಿಗೂ ತೆರೆದಿಟ್ಟಳು.

"ಯಾರಾದರೂ ಕದ್ದರೆ ಅಕ್ಕಾ?"

"ಕದೀಲಿ ಬಿಡೆ. ಅವರ ನೀರು, ಅವರ ಅಂಕಿ. ನಮ್ಮಪ್ಪನ ಆಸ್ತಿಯಾ?"

ಎರಡು ತಿಂಗಳಾಗಿರಲಿಲ್ಲ. ಎಲ್ಲೋ ಅಸ್ಸಾಮಿನ ಒಬ್ಬ ವಿದ್ಯಾರ್ಥಿಯಿಂದ ಮೇಲ್ ಬಂತು. ಒಂದು ಕಾಲೋನಿಯ ಅಂಕಿಗಳು ಮಿಕ್ಕವಕ್ಕಿಂತ ಸರಿಯಾಗಿ ಹತ್ತು ಪಟ್ಟು ಹೆಚ್ಚಿವೆ, ದಯವಿಟ್ಟು ನೋಡಿ ಎಂದು. ಅಕ್ಕನ ಭುಜದ ಹಿಂದೆ ನಿಂತು ನಾನೂ ಓದಿದೆ. ಯಂತ್ರಕ್ಕೆ ಕೊಡುವ ಮೊದಲು ನೀರನ್ನು ಹತ್ತು ಪಟ್ಟು ತೆಳುಗೊಳಿಸುತ್ತೇವೆ. ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಆ ಸಲ ಯಂತ್ರವೇ ಗುಣಿಸಿ ಕೊಟ್ಟಿತ್ತು. ನಾನು ಮತ್ತೊಮ್ಮೆ ಗುಣಿಸಿದ್ದೆ.

ನಮ್ಮ ಗೈಡ್ ಅವಳನ್ನು ಕರೆಸಿದರು. ಯಾರು ಹೇಳಿದ್ದರು ಅದನ್ನೆಲ್ಲ ಹೊರಗೆ ಹಾಕು ಎಂದು? ಬರುವ ತಿಂಗಳು ಕಾಯಂ ಹುದ್ದೆಯ ಸಂದರ್ಶನವಿದೆ, ಅಲ್ಲಿಯವರೆಗೆ ಸುಮ್ಮನಿರು ಎಂದರು. "ಆ ಕಾಲೋನಿಯವರು ಬೋರ್ ಬಿಟ್ಟು ಕ್ಯಾನ್ ನೀರು ತರಿಸ್ತಿದ್ದಾರೆ ಸರ್. ಅವರೂ ಅಲ್ಲಿಯವರೆಗೆ ತರಿಸಬೇಕಾ?" ಎಂದು ಕೇಳಿ ಹೊರಬಂದಳು.

ಎರಡೇ ದಿನದಲ್ಲಿ, ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿ ಬರೆದಳು: "ನಮ್ಮಿಂದ ತಪ್ಪಾಗಿದೆ." ಆ ವಿದ್ಯಾರ್ಥಿಗೆ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದಳು. ಆಮೇಲೆ ನನ್ನನ್ನೂ ಕರೆದುಕೊಂಡು ಕಾಲೋನಿಯ ಮನೆಮನೆಗೂ ಹೋದಳು. ಒಬ್ಬ ಆಂಟಿ ಗೇಟಿನಲ್ಲೇ ತರಾಟೆಗೆ ತೆಗೆದುಕೊಂಡರು. ಮೊದಲು ಕುಡಿಯಬೇಡಿ ಎಂದವಳು ನೀನೇ, ಈಗ ಕುಡಿಯಿರಿ ಎನ್ನುತ್ತೀ, ನಾಳೆ ಇನ್ನೇನು? "ಕಲ್ ಕ್ಯಾ ಬೋಲೇಗೀ?"

"ಕಲ್ ಭೀ ಜೋ ಸಚ್ ನಿಕಲೇ ವಹೀ ಬೋಲೂಂಗೀ, ಆಂಟೀ." ನಾಳೆಯೂ ನಿಜ ಏನು ಕಂಡರೆ ಅದನ್ನೇ ಹೇಳುತ್ತೇನೆ ಎಂದಳು ಅಕ್ಕ.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಸಂದರ್ಶನದಲ್ಲಿ ಆ ತಪ್ಪಿನದೇ ಮಾತಾಯಿತಂತೆ. "ಒಬ್ಬರೂ ನೀರಿನ ಬಗ್ಗೆ ಕೇಳಲಿಲ್ಲ ಕಣೆ" ಎಂದು ನಕ್ಕಳು. ಹುದ್ದೆ ಬೇರೆಯವರಿಗೆ ಹೋಯಿತು. ಕರಾರು ಮುಗಿದ ಮೇಲೆ ಜನಕಪುರಿಯ ಒಂದು ಖಾಸಗಿ ಪರೀಕ್ಷಾ ಕೇಂದ್ರಕ್ಕೆ ಸೇರಿಕೊಂಡಳು. ಆಗಲೂ ನಾನು ಹೇಳಲಿಲ್ಲ. ಥೀಸಿಸ್ ಒಪ್ಪಿಸಿದ ಮೇಲೆ ಹೇಳೋಣ ಎಂದುಕೊಂಡೆ. ಒಪ್ಪಿಸಿದ ಮೇಲೆ, ಕೆಲಸ ಸಿಕ್ಕಲಿ ಎಂದುಕೊಂಡೆ. ಅವಳು ಫೋನ್ ಮಾಡಿದರೆ ಮಾತು ಬೇಗ ಮುಗಿಸುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವಳಿಗೆ ಕಾಯಿಲೆ, ವೈದ್ಯರು ಕೈಚೆಲ್ಲಿದರು ಎಂದು ತಿಳಿದು ಅವಳ ಮನೆಗೆ ಹೋದೆ. ಬಾಲ್ಕನಿಯ ಬಿಸಿಲಿನಲ್ಲಿ ರಜಾಯಿ ಹೊದ್ದು ಮಲಗಿದ್ದಳು. ಊರಿನಿಂದ ಬಂದಿದ್ದ ಅವಳ ಅಮ್ಮ ಒಳಗೆ ಹೋದಾಗ ಹೇಳಿದೆ: "ಅಕ್ಕಾ, ಆ ಹತ್ತು ಪಟ್ಟು... ಅದು ನಾನು."

"ಗೊತ್ತು. ಯಾರು ಯಾವತ್ತು ಏನು ಬದಲಾಯಿಸಿದರು ಅಂತ ಆ ಪುಟದಲ್ಲೇ ಇರುತ್ತಲ್ಲೆ. ಮೇಲ್ ಬಂದ ದಿನವೇ ನೋಡಿದೆ."

"ಮತ್ಯಾಕೆ ಹೇಳಲಿಲ್ಲ?"

"ನೀನು ತಪ್ಪು ಮಾಡಿದೆ. ನಾನು ನೋಡದೆ ಒಪ್ಪಿಗೆ ಒತ್ತಿದೆ. ನಾನು ಒಪ್ಪದೆ ಅಲ್ಲಿ ಒಂದು ಅಂಕಿನೂ ಸೇರಲ್ಲ. ಅದಕ್ಕೇ 'ನಮ್ಮಿಂದ' ಅಂತ ಬರೆದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ನೀನಾಗಿಯೇ ಹೇಳ್ತೀಯ ಅಂತ ಕಾದೆ. ಬಹಳ ದಿನ ಕಾದೆ."

ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು.

ಮಣ್ಣು ಮುಗಿದ ಮರುದಿನ ಆ ಪುಟ ತೆರೆದೆ. ತಿದ್ದುಪಡಿಯ ಕೆಳಗೆ ಒಂದು ಸಾಲು ಬರೆದೆ: ಎರಡನೆಯ ಸಲ ಗುಣಿಸಿದ್ದು ನಾನು, ಗೊತ್ತಿದ್ದೂ ಮುಚ್ಚಿಟ್ಟೆ. ಕೆಳಗೆ ನನ್ನ ಪೂರ್ತಿ ಹೆಸರು. ಕಳುಹಿಸುವ ಗುಂಡಿ ಒತ್ತಿದೆ. ಪುಟದ ಒಡತಿ ಒಪ್ಪಿದ ಮೇಲೆ ಈ ಸಾಲು ಸೇರುತ್ತದೆ ಎಂಬ ಸೂಚನೆ ಮೂಡಿತು.

ಅದು ಇವತ್ತಿಗೂ, ಒಪ್ಪಿಗೆಗೆ ಕಾಯುವ ಸಾಲುಗಳ ಪಟ್ಟಿಯಲ್ಲಿ, ಹಾಗೆಯೇ ಇದೆ. ಯಾರು ಬೇಕಾದರೂ ಓದಬಹುದು.