ಗೇಣಗಲದ ಜಾಗ

ಬಸ್ ಓಡಿಸಿದಷ್ಟು ಕಾಲ ಒಂದು ನಾಯಿಮರಿಗೂ ಗೀರು ಬೀಳದಂತೆ ನೋಡಿಕೊಂಡವರೆಂದು ಬೀದಿಯವರೆಲ್ಲ ಅವರನ್ನು ಬ್ರೇಕ್ ಮಾವ ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ಆ ಗುಣ ಬಿಟ್ಟಿರಲಿಲ್ಲ. ಮನೆ ಬೀಗ ಹಾಕಿ ಬೀದಿಯ ತಿರುವಿನಿಂದ ಮತ್ತೆ ವಾಪಸ್ ಬಂದು ಜಗ್ಗಿ ನೋಡುವ ಆಸಾಮಿ. ಮನೆಗೆ ವಿಮೆಯನ್ನೂ ಮಾಡಿಸಿದ್ದರು.

ಅಂಥವರು ಒಂದು ಬೆಳಿಗ್ಗೆ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಬಚ್ಚಲಿನ ಬಾಗಿಲಿಗೆ ಕೈ ಹಾಕಿದ್ದಷ್ಟೇ, ಒಳಗೆ ಧಡಾರ್ ಎಂದಿತು. ಬಾಗಿಲು ತೆಗೆದರೆ ಎದುರಿಗೆ ಗೋಡೆಯೇ ಇಲ್ಲ! ಕನ್ನಡಿ ಇದ್ದ ಕಡೆ ಆಕಾಶ. ಕೆಳಗೆ, ಪಕ್ಕದ ಮನೆಯವರು ಪಾಯಕ್ಕೆಂದು ತೋಡಿಸಿದ್ದ ಆಳುದ್ದದ ಗುಂಡಿಯಲ್ಲಿ ಇಟ್ಟಿಗೆ, ಬಕೆಟ್ಟು, ಟವೆಲ್ಲು. ಗುಂಡಿಯ ಆಚೆ ದಡದಲ್ಲಿ ಪಕ್ಕದ ಮನೆಯ ಟೀಚರಮ್ಮ ಬಾಯಿಗೆ ಸೆರಗು ಒತ್ತಿ ನಿಂತಿದ್ದರು. ಮಾವ ಗರ ಬಡಿದವರಂತೆ ನಿಂತರು. ಬ್ರಶ್ ಬಾಯಲ್ಲೇ ಇತ್ತು.

"ರೀ, ಹಿಂದೆ ಬನ್ರೀ!" ಎಂದು ಹೆಂಡತಿ ಬನಿಯನ್ ಹಿಡಿದು ಎಳೆದಾಗಲೇ ಎಚ್ಚರವಾದದ್ದು. "ಗೋಡೆಗೂ ಕಿವಿ ಇರುತ್ತೆ ಅಂತಿದ್ರು. ಈಗ ಗೋಡೇನೇ ಇಲ್ವಲ್ಲೇ!" ಎಂದರು ಮಾವ. ನಗು ಮಾತ್ರ ಬರಲಿಲ್ಲ.

ವಿಮೆಯಿದೆಯಲ್ಲ ಎಂಬ ಧೈರ್ಯವೂ ಮಧ್ಯಾಹ್ನದವರೆಗೆ ಉಳಿಯಲಿಲ್ಲ. ನೋಡಲು ಬಂದ ವಿಮೆಯವನು ಹೇಳಿದ: "ಬೆಂಕಿ, ಬಿರುಗಾಳಿ ಆದ್ರೆ ಕೊಡ್ತೀವಿ ಸಾರ್. ಪಕ್ಕದವರು ಅಗೆದು ಬಿದ್ರೆ ನಿಮ್ಮ ಪಾಲಿಸೀಲಿ ಬರಲ್ಲ. ಅಗೆಸಿದವರನ್ನೇ ಕೇಳಿ."

ಮಾವ ಕೆಂಡವಾದರು. ವಕೀಲಿಕೆ ಮಾಡುವ ಅಕ್ಕನ ಮಗಳನ್ನು ಕರೆಸಿದರು. ಅವಳು ಗುಂಡಿಗೆ ಇಣುಕಿ, "ಪಕ್ಕದ ಮನೆಯ ಆಸರೆ ತಪ್ಪೋ ಹಾಗೆ ಯಾರೂ ಅಗೀಬಾರದು ಮಾವ. ಇದು ಗಟ್ಟಿ ಕೇಸು. ಆದ್ರೆ ಮೊದಲು ಗಡಿ ಅಳೆಸಿಬಿಡಿ" ಎಂದಳು.

ಅಳೆಯುವವನು ಬಂದು ಟೇಪು ಹಿಡಿದ. ಮತ್ತೊಮ್ಮೆ ಹಿಡಿದ. ಆಮೇಲೆ ಕತ್ತು ಕೆರೆದುಕೊಂಡ. "ಯಜಮಾನ್ರೇ, ಬಿದ್ದಿರೋ ಗೋಡೆ ನಿಮ್ಮ ಜಾಗದಲ್ಲಿ ಇರ್ಲೇ ಇಲ್ಲ. ಪೂರಾ ಅವರದರಲ್ಲಿತ್ತು. ಒಂದು ಗೇಣು."

ಬರಸಿಡಿಲು ಎರಗಿದಂತಾಯಿತು. ಆ ಮನೆ ಕಟ್ಟಿಸಿದ್ದು ಮಾವನ ಮಾವ, ಹೆಂಡತಿಯ ಅಪ್ಪ. "ನಮ್ಮಪ್ಪನ್ನ ಕಳ್ಳ ಅಂತೀರಾ?" ಎಂದು ಹೆಂಡತಿ ಅಳೆಯುವವನ ಮೇಲೇ ಹರಿಹಾಯ್ದಳು. ಅಕ್ಕನ ಮಗಳು ಮಾತ್ರ ಸಮಾಧಾನವಾಗಿಯೇ ಇದ್ದಳು. "ಇಷ್ಟು ವರ್ಷ ಯಾರೂ ಕೇಳಿಲ್ವಲ್ಲ ಮಾವ. ಆ ಜಾಗ ಈಗ ನಮ್ಮದೇ ಅಂತ ವಾದ ಮಾಡಬಹುದು."

ಮಾವನಿಗೆ ಗೋಡೆ ಬಿದ್ದಾಗಲೂ ಇಷ್ಟು ಎದೆ ಧಸಕ್ಕೆಂದಿರಲಿಲ್ಲ. "ಅವರ ಜಾಗದಲ್ಲಿ ಸ್ನಾನ ಮಾಡಿದ್ದೂ ಅಲ್ದೆ, ಅದನ್ನೇ ಕಿತ್ಕೊಳ್ಳೋದೇನೇ?" ಎಂದು ಎದ್ದು ನೇರ ಪಕ್ಕದ ಮನೆಗೆ ಹೋದರು.

ಹೇಳಬೇಕಾದ್ದನ್ನೆಲ್ಲ ಹೇಳಿ ತಲೆತಗ್ಗಿಸಿದರೆ, ಟೀಚರಮ್ಮ ನಿಧಾನವಾಗಿ, "ಗೊತ್ತಣ್ಣ. ನಮ್ಮತ್ತೆ ನಾನು ಮದುವೆಯಾಗಿ ಬಂದಾಗಲೇ ಹೇಳಿದ್ರು. ಗೇಣು ಜಾಗಕ್ಕೆ ಪಕ್ಕದ ಮನೆ ಕಳ್ಕೋಬೇಡ ಅಂದಿದ್ರು" ಎಂದರು. ಮಾವ ಹಾಗೇ ಕುರ್ಚಿಯಲ್ಲಿ ಕುಸಿದರು. ಇಷ್ಟು ವರ್ಷ ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಪೇಪರ್ ಇಸಿದುಕೊಂಡ ಹೆಂಗಸು! ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಆದ್ರೂ ಆಸರೆ ಕೊಡದೆ ಅಗೆಸಿದ್ದು ನಮ್ಮ ತಪ್ಪೇ," ಎಂದರು ಆಕೆ. "ನೀವು ಒಳಗಿದ್ದಿದ್ರೆ... ಆ ಯೋಚನೆ ಬಂದಾಗಿಂದ ಅನ್ನ ಸೇರ್ತಿಲ್ಲ."

ಕೊನೆಗೆ ಹೊಸ ಗೋಡೆ ಮಾವನ ಗಡಿಯೊಳಗೇ ಎದ್ದಿತು. ಟೀಚರಮ್ಮನ ಮನೆ ಕೆಲಸ ಹಿಡಿದಿದ್ದ ಮೇಸ್ತ್ರಿಗೂ ವಿಮೆಯಿತ್ತು, ಅಕ್ಕಪಕ್ಕದವರಿಗಾದ ಹಾನಿಗೂ ಸಲ್ಲುವಂಥದ್ದು; ಖರ್ಚೆಲ್ಲ ಅದರಿಂದಲೇ ಬಂತು. ಮುಂದೆ ಮಕ್ಕಳು ಕಿತ್ತಾಡದಿರಲೆಂದು ಗಡಿಯ ಒಪ್ಪಂದವನ್ನು ಬರೆಸಿ ನೋಂದಣಿಯನ್ನೂ ಮಾಡಿಸಿದರು. ಮಾವ ಅದನ್ನು ಗಟ್ಟಿಯಾಗಿ ಓದಿದರು, ಟೀಚರಮ್ಮ ಉಚ್ಚಾರ ತಿದ್ದಿದರು.

ಬಚ್ಚಲು ಈಗ ಇಕ್ಕಟ್ಟು. ಸೋಪು ಹಚ್ಚಿಕೊಳ್ಳುವಾಗ ಮೊಣಕೈ ಗೋಡೆಗೆ ಧಡ್ಡೆಂದು ತಗಲುತ್ತದೆ. ತಗಲಿದಾಗಲೆಲ್ಲ ಹೆಂಡತಿ ಹೊರಗಿನಿಂದ, "ಆ ಟೇಪೇ ಸರಿ ಇರ್ಲಿಲ್ಲ ಬಿಡ್ರಿ" ಎನ್ನುತ್ತಾಳೆ.