ಉಜ್ಜಿದರೂ ಹೋಗದ ಕಲೆ

ಕೈಕೆಲಸದಲ್ಲಿ ಹೆಸರು ಮಾಡಿದವರು ತಾವು ತಪ್ಪು ತಿಳಿದಿದ್ದೆವು ಅಂತ ಬಾಯಿಬಿಟ್ಟು ಹೇಳೋದು ಅಪರೂಪ. ಇವರು ಹೇಳ್ತಾರೆ, ಅದೂ ಗಿರಾಕಿಗಳ ಮುಂದೆ. ಅದಕ್ಕೇ ಇವರ ಕಥೆ ಹೇಳಬೇಕು.

ಬಟ್ಟೆ ಒಗೆಯೋ ಅಂಗಡಿ ಇವರದು. ಮುಂದುಗಡೆ ಹೆಂಡತಿಯ ಇಸ್ತ್ರಿ ಮೇಜು. ಹಿಂದಿನ ಸಣ್ಣ ಕೋಣೆಯಲ್ಲಿ ಇವರ ಕಲ್ಲುಕಟ್ಟೆ, ಬ್ರಷ್ಷು, ಸೀಸೆಗಳು. ರಕ್ತಕ್ಕೆ ತಣ್ಣೀರು, ತುಕ್ಕಿಗೆ ನಿಂಬೆ ಉಪ್ಪು, ಗ್ರೀಸಿಗೆ ಸೀಮೆಎಣ್ಣೆ. ಮೂವತ್ತು ವರ್ಷದಿಂದ ಕಲೆ ತೆಗೆಯೋದೇ ಕಸುಬು. ಹಾಗಾಗಿ ಬೀದಿಯವರ ಬಾಯಲ್ಲಿ ‘ಕಲಾವಿದರು’.

ಹೋದ ವರ್ಷ ಮೆಟ್ಟಿಲು ಹತ್ತುವಾಗ ಎದೆಯೊಳಗೆ ಗುಬ್ಬಿ ಸಿಕ್ಕಿಕೊಂಡು ರೆಕ್ಕೆ ಬಡಿದ ಹಾಗಾಯ್ತು. ಕಣ್ಣು ಕತ್ತಲೆ ಬಂತು. ಆಸ್ಪತ್ರೆಯಲ್ಲಿ ಪರೀಕ್ಷೆಯೆಲ್ಲ ಮುಗಿಸಿ ಡಾಕ್ಟರಮ್ಮ ಹೇಳಿದರು: “ಹೃದಯದ ಮೇಲಿನ ಕೋಣೆಗಳಲ್ಲಿ ಕಲೆ ಆಗಿದೆ. ಅದರಿಂದ ಬಡಿತ ದಾರಿ ತಪ್ಪುತ್ತೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ ತಲೆಗೆ ಹೋದ್ರೆ ಲಕ್ವ. ಹಾಗಾಗಬಾರದು ಅಂತ ಈ ಮಾತ್ರೆ. ಬಿಡಬೇಡಿ.”

ಇವರ ಕಿವಿಗೆ ಬಿದ್ದದ್ದು ಕಲೆ ಅನ್ನೋದೊಂದೇ. ಮಿಕ್ಕಿದ್ದನ್ನ ತಮ್ಮ ಮೂಗಿನ ನೇರಕ್ಕೆ ಯೋಚಿಸಿದರು. ಮಾತ್ರೆ ಅಂದ್ರೆ ಒಳಗಿನ ಸೋಪು. ಒಂದು ತಿಂಗಳಿಗೆ ಎದೆ ಸುಮ್ಮನಾಯ್ತು. ಮಾತ್ರೆ ನಿಲ್ಲಿಸಿದರು.

ಐದನೇ ದಿನ ಮಾತ್ರೆಯ ಪೊಟ್ಟಣ ಹೆಂಡತಿ ಕೈಗೆ ಸಿಕ್ತು.

“ಯಾಕ್ರೀ, ಇದು ಹಾಗೇ ಇದೆ?”

“ಕಲೆ ಹೋಯ್ತು ಕಣೇ.”

“ಒಳಗೆ ಇಣುಕಿ ನೋಡಿ ಬಂದ್ರಾ?”

“ಮೂವತ್ತು ವರ್ಷದ ಅನುಭವ. ನಂಗೆ ಹೇಳ್ಕೊಡ್ತೀಯಾ?”

ಆಯಮ್ಮ ವಾದಕ್ಕೆ ನಿಲ್ಲಲಿಲ್ಲ. ಅವತ್ತು ಯಾರೋ ಮನೆಯಲ್ಲೇ ಇಸ್ತ್ರಿ ಹಾಕಿ ಕೆಡಿಸಿದ ಬಿಳಿ ಅಂಗಿ ಬಂದಿತ್ತು. ತಂದು ಕಟ್ಟೆ ಮೇಲೆ ಹಾಕಿದಳು.

“ಅಷ್ಟು ಅನುಭವ ಇದ್ರೆ ಇದರ ಕಲೆ ತೆಗೀರಿ.”

ಕಲಾವಿದರು ಬೆರಳಲ್ಲಿ ಸವರಿ ನೋಡಿದರು. “ಇದು ಕೊಳೆ ಕಲೆಯಲ್ಲ ಕಣೇ, ಸುಟ್ಟದ್ದು. ನೂಲೇ ಗಟ್ಟಿಯಾಗಿಬಿಟ್ಟಿದೆ. ಇದನ್ನ ತೆಗೆಯೋಕಾಗಲ್ಲ, ಜೋಪಾನವಾಗಿ ಹಾಕ್ಕೋಬೇಕು, ಅಷ್ಟೇ...”

ಅಂದವರ ಕೈ ಅಂಗಿ ಬಿಟ್ಟು ತಮ್ಮ ಎದೆ ಮೇಲೆ ಹೋಯ್ತು. ಹೆಂಡತಿ ನೀರಿನ ಲೋಟ ಮುಂದಿಟ್ಟಳು. ಇವರು ಆಸ್ಪತ್ರೆಗೆ ಫೋನು ಮಾಡಿ ಕೇಳಿ ಮಾತ್ರೆ ನುಂಗಿದರು, ಮಾರನೇ ದಿನ ತಾವೇ ಹೋದರು.

“ಡಾಕ್ಟರಮ್ಮ, ಆ ಕಲೆ ಹೋಗಲ್ವಾ?”

“ಗಾಯದ ಗುರುತು ಯಜಮಾನ್ರೇ, ಹೋಗಲ್ಲ. ಎದೆ ಸುಮ್ಮನಿದ್ರೂ ಹೆಪ್ಪುಗಟ್ಟಬಹುದು. ಪುಣ್ಯಕ್ಕೆ ಏನೂ ಆಗಿಲ್ಲ.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದೆ.”

ಈಗ ಹೊತ್ತಿಗೆ ಸರಿಯಾಗಿ ನುಂಗ್ತಾರೆ. ಆಗಾಗ ಬಡಿತ ತಪ್ಪುತ್ತೆ. ಆಗ ಬ್ರಷ್ಷು ಕೆಳಗಿಟ್ಟು ಕೂತ್ಕೊತಾರೆ.

ಎದೆ ಸರಿಹೋಯ್ತು, ಇನ್ನು ಮಾತ್ರೆ ಯಾಕೆ ಅನ್ನೋರು ನಿಮ್ಮ ಮನೇಲಿದ್ರೆ ಇವರ ಹತ್ರ ಕರ್ಕೊಂಡು ಹೋಗಿ. ಮಧ್ಯಾಹ್ನ ಕೈ ಬಿಡುವಿರುತ್ತೆ. ಮಸಿ ಬಿದ್ದ ಅಂಗಿಯೇನಾದ್ರೂ ಇದ್ರೆ ಅದನ್ನೂ ತಗೊಂಡು ಹೋಗಿ.